ಗೋಡೆಗೇರಿದ ಶ್ರಮಿಕರು

ಗೋಡೆಗೆ ಮೊಳೆ ಹೊಡೆದು ಚಿತ್ರವೊಂದನ್ನು ತೂಗುಹಾಕುವುದು ಬಹು ಸಣ್ಣ ಕೆಲಸವೆಂದು ತೋರಬಹುದು. ಆದರೆ ದಿನವೂ ಕಣ್ಣಿಗೆ ಬೀಳುವ ಚಿತ್ರವು ನೋಡುವವರ ಮನಸ್ಸನ್ನು ಅವರ ಅರಿವಿಗೆ ಬಾರದಂತೆಯೇ ರೂಪಿಸುತ್ತ ಹೋಗುತ್ತದೆ. ನಮ್ಮ ಹಿರಿಯರು ಪಡಸಾಲೆಯಲ್ಲಿ ತೀರ್ಥಂಕರರ, ಬಾಹುಬಲಿಸ್ವಾಮಿಯ, ಗತಿಸಿದ ಹಿರಿಯರ ಚಿತ್ರಗಳನ್ನು ಇರಿಸಿದ್ದು ಈ ತಿಳಿವಳಿಕೆಯಿಂದಲೇ. ಯಾರನ್ನು ದಿನವೂ ನೋಡಬೇಕು, ಯಾರ ಹೆಸರನ್ನು ಮಕ್ಕಳು ಕೇಳಿ ತಿಳಿಯಬೇಕು ಎಂಬ ವಿವೇಚನೆ ಆ ಆಯ್ಕೆಯಲ್ಲಿತ್ತು. ಈಚಿನ ವರ್ಷಗಳಲ್ಲಿ ನಮ್ಮ ಗೋಡೆಗಳಿಗೆ ಹೊಸ ಬಗೆಯ ಚಿತ್ರವೊಂದು ಬಂದಿದೆ. ಅದರ ಗುಣದೋಷಗಳನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಅದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಗಗನಚುಂಬಿ ಕಟ್ಟಡಗಳು ಏಳುತ್ತಿದ್ದ ಕಾಲದ ಕಪ್ಪುಬಿಳುಪು ಛಾಯಾಚಿತ್ರ. ಉಕ್ಕಿನ ತೊಲೆಯೊಂದರ ಮೇಲೆ ಹನ್ನೊಂದು ಮಂದಿ ಕೆಲಸಗಾರರು ಸಾಲಾಗಿ ಕುಳಿತು ಮಧ್ಯಾಹ್ನದ ಬುತ್ತಿ ಬಿಚ್ಚಿದ್ದಾರೆ. ಕಾಲುಗಳು ಗಾಳಿಯಲ್ಲಿ ಇಳಿಬಿದ್ದಿವೆ. ಎಡತುದಿಯಲ್ಲಿ ಒಬ್ಬನು ಪಕ್ಕದವನ ಸಿಗರೇಟಿಗೆ ಬೆಂಕಿ ಕೊಡುತ್ತಿದ್ದಾನೆ. ಬಲತುದಿಯವನು ಕೈಯಲ್ಲಿ ಸೀಸೆ ಹಿಡಿದು ನೇರವಾಗಿ ನಮ್ಮ ಕಡೆಗೆ ನೋಡುತ್ತಿದ್ದಾನೆ. ಅವರ ಹಿಂದೆ, ಕೆಳಗೆ, ಮಬ್ಬಿನಲ್ಲಿ ನಗರ ಹರಡಿಕೊಂಡಿದೆ. ಯಾರ ಸೊಂಟಕ್ಕೂ ಹಗ್ಗವಿಲ್ಲ. ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ, ಕಂಪನಿಗಳ ಕಚೇರಿಗಳಲ್ಲಿ ಇದರ ಪ್ರತಿಗಳನ್ನು ಕಾಣಬಹುದು. ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಚೌಕಟ್ಟು ಹಾಕಿ ಮನೆಬಾಗಿಲಿಗೇ ತಲುಪಿಸುವ ವ್ಯಾಪಾರವೂ ಬೆಳೆದಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರು ಊರಿನಲ್ಲಿ ಕಟ್ಟಿಸುವ ಹೊಸ ಮನೆಗಳಿಗೂ ಇಂತಹ ಚಿತ್ರ ಬರುವುದು ಸಹಜವೇ. ಜಯಮಂಗಲಿಯ ಸೀಮೆಯ ಕೊಡಿಗೇನಹಳ್ಳಿಯಂತಹ ಊರಿಗೆ ಇದು ಪರಕೀಯ ವಸ್ತುವೆಂದು ತಳ್ಳಿಹಾಕುವಂತಿಲ್ಲ. ಈ ನದಿಯ ಮರಳು ಲಾರಿಗಟ್ಟಲೆ ನಗರದ ಕಟ್ಟಡಗಳಿಗೆ ಸಾಗಿಹೋದುದನ್ನು ಈ ಭಾಗದ ಜನ ಬಲ್ಲರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ತಾಲ್ಲೂಕುಗಳ ಬಡವರು ಮರಳಿನ ಹಿಂದೆಯೇ ಹೋಗಿ ಅದೇ ಕಟ್ಟಡಗಳ ಸಾರ್ವೆ ಹತ್ತಿದ್ದಾರೆ. ಎತ್ತರದಲ್ಲಿ ನಿಂತು ದುಡಿಯುವವರ ಚಿತ್ರವನ್ನು ಹೇಗೆ ನೋಡಬೇಕೆಂಬುದು ಆದುದರಿಂದ ನಮಗೆ ದೂರದ ಪ್ರಶ್ನೆಯಲ್ಲ.

ಮೊದಲು ಚಿತ್ರದ ಚರಿತ್ರೆಯನ್ನು ತಿಳಿಯೋಣ. ಇದನ್ನು ತೆಗೆದದ್ದು 1932ರ ಸೆಪ್ಟೆಂಬರ್ 20ರಂದು, ರಾಕ್‌ಫೆಲರ್ ಸೆಂಟರಿನ ಆರ್‌ಸಿಎ ಕಟ್ಟಡದ 69ನೆಯ ಅಂತಸ್ತಿನಲ್ಲಿ, ನೆಲದಿಂದ ಸುಮಾರು 850 ಅಡಿ ಎತ್ತರದಲ್ಲಿ. ಅದೇ ವರ್ಷ ಅಕ್ಟೋಬರ್ 2ರ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅದು ಮಹಾ ಆರ್ಥಿಕ ಕುಸಿತದ ಕಾಲ; ಅಮೆರಿಕದ ದುಡಿಯುವ ಜನರಲ್ಲಿ ಹೆಚ್ಚುಕಡಿಮೆ ನಾಲ್ವರಿಗೆ ಒಬ್ಬನಂತೆ ಕೆಲಸವಿಲ್ಲದೆ ಕುಳಿತಿದ್ದರು. ಕಟ್ಟಿಸುತ್ತಿದ್ದವರಿಗೆ ತಮ್ಮ ಕಟ್ಟಡದ ಹೆಸರು ಜನರ ಬಾಯಲ್ಲಿ ಓಡಾಡಬೇಕಾಗಿತ್ತು. ಅದಕ್ಕಾಗಿ ಏರ್ಪಡಿಸಿದ ಪ್ರಚಾರದ ಚಿತ್ರವಿದು. ಕೆಲಸಗಾರರು ನಿಜವಾದ ಕೆಲಸಗಾರರೇ, ಎತ್ತರವೂ ನಿಜವಾದ ಎತ್ತರವೇ. ಆದರೆ ಹಾಗೆ ಸಾಲಾಗಿ ಕುಳಿತದ್ದು ಕ್ಯಾಮೆರಾಕ್ಕಾಗಿ. ಅದೇ ದಿನ ತೊಲೆಯ ಮೇಲೆ ಮಲಗಿ ನಿದ್ರಿಸುವಂತೆಯೂ ಕೆಲವರ ಚಿತ್ರ ತೆಗೆಯಲಾಯಿತು. ತೊಲೆಯ ಕೆಳಗೆ ಎಷ್ಟು ಅಡಿಗೆ ಏನಿತ್ತು ಎಂಬುದನ್ನು ಚೌಕಟ್ಟು ನಮಗೆ ತೋರಿಸುವುದಿಲ್ಲ. ಅಂದು ಅಲ್ಲಿ ಚಾರ್ಲ್ಸ್ ಎಬೆಟ್ಸ್, ಥಾಮಸ್ ಕೆಲ್ಲಿ, ವಿಲಿಯಂ ಲೆಫ್ಟ್‌ವಿಚ್ ಎಂಬ ಛಾಯಾಗ್ರಾಹಕರಿದ್ದರು. ಈ ಚಿತ್ರವನ್ನು ಇವರಲ್ಲಿ ಯಾರು ತೆಗೆದರೆಂಬ ವಿವಾದ ಮುಗಿದಿಲ್ಲ.

ಕುಳಿತವರ ಹೆಸರುಗಳ ಗತಿ ಇನ್ನೂ ಶೋಚನೀಯ. ಕೋಟ್ಯಂತರ ಜನ ಈ ಹನ್ನೊಂದು ಮುಖಗಳನ್ನು ನೋಡಿದ್ದಾರೆ. ಆದರೂ ಎಂಬತ್ತು ವರ್ಷಗಳ ಬಳಿಕ, 2012ರ ಸಾಕ್ಷ್ಯಚಿತ್ರವೊಂದರ ತಯಾರಕರು ರಾಕ್‌ಫೆಲರ್ ಸೆಂಟರಿನ ಹಳೆಯ ಚಿತ್ರಗಳೊಡನೆ ಹೋಲಿಸಿ ನೋಡಿದಾಗ ಗಟ್ಟಿಯಾಗಿ ಹೇಳಲು ಸಾಧ್ಯವಾದ ಹೆಸರುಗಳು ಎರಡೇ: ಜೋಸೆಫ್ ಎಕ್ನರ್ ಮತ್ತು ಜೋ ಕರ್ಟಿಸ್. ಇತ್ತ ಚಿತ್ರದ ಮೂಲವಾದ ಗಾಜಿನ ಫಲಕವು ಐದು ಹೋಳಾಗಿ ಒಡೆದಿದ್ದರೂ ಪೆನ್ಸಿಲ್ವೇನಿಯದ ನೆಲಮಾಳಿಗೆಯೊಂದರಲ್ಲಿ ಜೋಪಾನವಾಗಿ ಉಳಿಯಿತು. ಗಾಜಿಗೆ ದೊರೆತ ಜೋಪಾನ ಗಾಜಿನೊಳಗಿನ ಮನುಷ್ಯರಿಗೆ ದೊರೆಯಲಿಲ್ಲ.

ಕಲೆಯ ದೃಷ್ಟಿಯಿಂದ ಈ ಚಿತ್ರದ ಸೊಗಸನ್ನು ಅಲ್ಲಗಳೆಯಲಾಗದು. ಪಂಕ್ತಿಯಲ್ಲಿ ಕುಳಿತು ಉಣ್ಣುವುದು ನಮಗೂ ಪರಿಚಿತವಾದ, ಆತ್ಮೀಯವಾದ ದೃಶ್ಯ. ಆ ಪಂಕ್ತಿಯನ್ನೇ ಎತ್ತಿ ಆಕಾಶದಲ್ಲಿ ಇಟ್ಟರೆ ಹೇಗಿರುತ್ತದೆಂಬ ಬೆರಗು ಇಲ್ಲಿದೆ. ಅತಿ ಸಾಮಾನ್ಯವಾದ ಊಟವೂ ಅತಿ ಭಯಂಕರವಾದ ಸ್ಥಳವೂ ಒಂದೇ ಗೆರೆಯ ಮೇಲೆ ಕೂಡಿವೆ. ಕೆಲಸಗಾರರ ಮುಖದಲ್ಲಿ ಭಯದ ಸುಳಿವಿಲ್ಲ, ಸ್ನೇಹವಿದೆ, ಹಾಸ್ಯವಿದೆ. ಶ್ರಮಜೀವಿಯನ್ನು ದೀನನಂತೆ ತೋರಿಸದೆ ನಿರಾಳನಾಗಿ, ಸ್ವತಂತ್ರನಾಗಿ ತೋರಿಸಿದ್ದು ಈ ಚಿತ್ರದ ದೊಡ್ಡ ಗುಣ.

ಆದರೆ ಒಂದು ಪರೀಕ್ಷೆ ಮಾಡಿ ನೋಡಬಹುದು. ಇದೇ ಚಿತ್ರದಲ್ಲಿ ಹನ್ನೊಂದು ಮಂದಿಯ ಸೊಂಟಕ್ಕೂ ಗಟ್ಟಿಯಾದ ಹಗ್ಗ ಬಿಗಿದಿದೆ, ತಲೆಗೆ ಶಿರಸ್ತ್ರಾಣವಿದೆ, ಕೆಳಗೆ ಬಲೆ ಹರಡಿದೆ ಎಂದು ಭಾವಿಸೋಣ. ಊಟ ಅದೇ, ಸ್ನೇಹ ಅದೇ, ಮುಖಗಳೂ ಅವೇ. ಆಗ ಈ ಚಿತ್ರವನ್ನು ಹಣ ಕೊಟ್ಟು ತಂದು ಗೋಡೆಗೆ ಹಾಕುವವರು ಎಷ್ಟು ಮಂದಿ ಉಳಿಯುತ್ತಾರೆ? ಉಳಿಯುವವರು ವಿರಳವೆಂದಾದರೆ, ಒಂದು ಅಹಿತವಾದ ಮಾತನ್ನು ಒಪ್ಪಲೇಬೇಕಾಗುತ್ತದೆ. ನಮ್ಮನ್ನು ಸೆಳೆದದ್ದು ಅವರ ಊಟವಲ್ಲ, ಸ್ನೇಹವಲ್ಲ. ಅಲ್ಲಿ ಇಲ್ಲದ ಹಗ್ಗ. ಇನ್ನೊಬ್ಬನು ಯಾವ ಕ್ಷಣದಲ್ಲಿಯೂ ಬೀಳಬಹುದೆಂಬ ಸಂಗತಿಯೇ ನಮ್ಮ ಕಣ್ಣಿಗೆ ಹಬ್ಬವಾಗಿದೆ.

ಇದರ ಪಕ್ಕದಲ್ಲಿ ಅದೇ ಕಾಲದ, ಅದೇ ನಗರದ ಇನ್ನೊಂದು ಚಿತ್ರಮಾಲೆಯನ್ನು ಇಟ್ಟು ನೋಡುವುದು ಉಚಿತ. ಲೂಯಿಸ್ ಹೈನ್ (1874–1940) ಎಂಬ ಛಾಯಾಗ್ರಾಹಕರು 1908ರಿಂದ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಚಿತ್ರ ತೆಗೆದು ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಜನಾಭಿಪ್ರಾಯ ಮೂಡಿಸಿದವರು. ಆ ಮಕ್ಕಳ ವಯಸ್ಸು, ಕೆಲಸ, ದೊರೆತಲ್ಲಿ ಹೆಸರು, ಎಲ್ಲವನ್ನೂ ಅವರು ಬರೆದಿಟ್ಟುಕೊಳ್ಳುತ್ತಿದ್ದರು. 1930ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ನಿರ್ಮಾಣವನ್ನು ಚಿತ್ರಿಸುವ ಕೆಲಸ ಅವರಿಗೆ ಬಂತು. 102 ಅಂತಸ್ತುಗಳ ಆ ಕಟ್ಟಡ 1930ರ ಮಾರ್ಚಿನಲ್ಲಿ ಆರಂಭವಾಗಿ 1931ರ ಮೇ 1ರಂದು ಉದ್ಘಾಟನೆಗೊಂಡಿತು. ಐವತ್ತೈದು ದಾಟಿದ ಹೈನ್ ಕಟ್ಟಡದಿಂದ ಹೊರಗೆ ತೂಗುಬಿಟ್ಟ ತೊಟ್ಟಿಲಿನಂತಹ ಬುಟ್ಟಿಯಲ್ಲಿ ನಿಂತು ಚಿತ್ರ ತೆಗೆದರು. ಅವರ ಚಿತ್ರಗಳಲ್ಲಿ ಆಟವಿಲ್ಲ, ಕೆಲಸವಿದೆ: ಬೋಲ್ಟು ಬಿಗಿಯುವ ಕೈ, ತಂತಿಹಗ್ಗದ ಬಿಗಿ, ಕಾದ ರಿವೆಟ್ಟಿಗಾಗಿ ಕಾಯುವ ಕಣ್ಣು. ಇಲ್ಲಿ ಎತ್ತರವು ತಮಾಷೆಯ ವಸ್ತುವಾಗದೆ ಕೆಲಸದ ಜಾಗವಾಗಿ ತೋರುತ್ತದೆ. 1932ರಲ್ಲಿ ಬಂದ ಅವರ ಪುಸ್ತಕಕ್ಕೆ ‘ಮೆನ್ ಅಟ್ ವರ್ಕ್’ ಎಂದೇ ಹೆಸರು.

ಆದರೂ ಇಲ್ಲೊಂದು ಕೊರತೆಯುಂಟು. ಹೈನರ ಅತಿ ಪ್ರಸಿದ್ಧ ಚಿತ್ರದಲ್ಲಿ ತಂತಿಹಗ್ಗ ಹಿಡಿದು ಶೂನ್ಯದಲ್ಲಿ ತೂಗುತ್ತಿರುವ ಯುವಕನೊಬ್ಬನಿದ್ದಾನೆ. ಜಗತ್ತು ಅವನನ್ನು ಬಲ್ಲದ್ದು ‘ಇಕಾರಸ್’ ಎಂಬ ಹೆಸರಿನಿಂದ. ಇಕಾರಸ್ ಗ್ರೀಕ್ ಪುರಾಣದಲ್ಲಿ ಮೇಣದ ರೆಕ್ಕೆ ಕಟ್ಟಿಕೊಂಡು ಹಾರಿ, ಸೂರ್ಯನ ತಾಪಕ್ಕೆ ಮೇಣ ಕರಗಿ ಬಿದ್ದು ಸತ್ತವನು. ಕೆಲಸಗಾರನಿಗೆ ಅವನ ಸ್ವಂತ ಹೆಸರು ಉಳಿಯಲಿಲ್ಲ. ಬಿದ್ದವನೊಬ್ಬನ ಹೆಸರು ಬಿರುದಾಗಿ ಬಂತು. ಎಂಪೈರ್ ಸ್ಟೇಟ್ ಕಟ್ಟಡದ ಕೆಲಸದಲ್ಲಿ ಐವರು ಸತ್ತರೆಂದು ಅಧಿಕೃತ ಲೆಕ್ಕ. ಅವರಲ್ಲಿ ಯಾರ ಚಿತ್ರವೂ ಮಾರಾಟದ ಕ್ಯಾನ್ವಾಸಿನ ಮೇಲೆ ಕಾಣುವುದಿಲ್ಲ.

ಆ ಕಾಲವೇ ಹಾಗಿತ್ತು, ಸುರಕ್ಷತೆಯ ಉಪಾಯಗಳು ಆಗ ಇರಲಿಲ್ಲ ಎಂದು ಕೆಲವರು ಸಮಾಧಾನ ಹೇಳಬಹುದು. ಈ ಸಮಾಧಾನ ನಿಲ್ಲುವುದಿಲ್ಲ. ಮರುವರ್ಷ, 1933ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಸೇತುವೆಯ ಕೆಲಸ ಆರಂಭವಾಯಿತು. ಅದರ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಕೆಲಸದ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದರು, ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿದರು. ಆ ಬಲೆಯಲ್ಲಿ ಬಿದ್ದು 19 ಮಂದಿ ಬದುಕಿದರು. 1937ರ ಫೆಬ್ರವರಿಯಲ್ಲಿ ಅಟ್ಟಣಿಗೆಯೊಂದು ಕುಸಿದು ಬಲೆಯನ್ನೇ ಹರಿದುಕೊಂಡು ಹೋದಾಗ ಹತ್ತು ಮಂದಿ ಸತ್ತುದೂ ನಿಜ. ಆದರೆ ಬಲೆ ಕಟ್ಟುವ ಬುದ್ಧಿ ಆ ದಶಕದಲ್ಲಿಯೇ ಇತ್ತು; ಕಟ್ಟಿಸುವ ಮನಸ್ಸು ಎಲ್ಲೆಡೆ ಇರಲಿಲ್ಲ.

ಇನ್ನೊಂದು ಸಮಾಧಾನವೂ ಉಂಟು. ಈ ಉಕ್ಕಿನ ಕೆಲಸದಲ್ಲಿ ಕೆನಡಾದ ಕಾನವಾಕೆ ಎಂಬ ಹಳ್ಳಿಯ ಮೊಹಾಕ್ ಜನಾಂಗದವರು ಬಹಳ ಮಂದಿ ಇದ್ದರು. ಅವರಿಗೆ ಎತ್ತರದ ಭಯವೇ ಹುಟ್ಟಿನಿಂದ ಇಲ್ಲವೆಂಬ ಕತೆ ಹಬ್ಬಿತು. 1907ರಲ್ಲಿ ಕ್ವಿಬೆಕ್ ಸೇತುವೆ ಕುಸಿದಾಗ ಸತ್ತ 75 ಮಂದಿಯಲ್ಲಿ 33 ಮಂದಿ ಆ ಒಂದೇ ಹಳ್ಳಿಯವರು. ಭಯವಿಲ್ಲವೆಂಬ ಕತೆಯನ್ನು ಹೇಳಿದವರು ಆ ಮನೆಗಳ ವಿಧವೆಯರಲ್ಲ. ನಮ್ಮಲ್ಲಿಯೂ ಈ ಕತೆಯ ಒಂದು ರೂಪವಿದೆ. ಮನೆ ಕಟ್ಟಿಸುವಾಗ ಗಾರೆಯವನು ಬೊಂಬಿನ ಸಾರ್ವೆಯ ಮೇಲೆ ಬರಿಗಾಲಿನಲ್ಲಿ ನಿಂತಿರುವುದನ್ನು ಕಂಡು ಯಾರಾದರೂ ಕಳವಳಪಟ್ಟರೆ, ‘ಅವರಿಗೆ ಅಭ್ಯಾಸವಾಗಿರುತ್ತದೆ ಬಿಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನ್ಯೂಯಾರ್ಕಿನ ಚಿತ್ರವು ನಮ್ಮ ಗೋಡೆಯ ಮೇಲೆ ನಿಂತು ದಿನವೂ ಹೇಳುವುದು ಈ ಮಾತನ್ನೇ.

ಜೈನ ನೀತಿಶಾಸ್ತ್ರವು ಕರ್ಮದ ಹೊಣೆಯನ್ನು ಅಳೆಯುವಾಗ ಮೂರು ಬಗೆಯನ್ನು ಎಣಿಸುತ್ತದೆಂಬುದು ವಾಚಕರಿಗೆ ತಿಳಿದೇ ಇದೆ: ಕೃತ, ಕಾರಿತ, ಅನುಮತ. ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಬರುವ ಈ ವಿಭಾಗವು ಕಲಾವಿಮರ್ಶೆಗೂ ಒದಗುತ್ತದೆ. ಗೋಡೆಗೆ ಹಾಕಿದ ಚಿತ್ರವೆಂದರೆ ಮೌನವಾದ ಅನುಮೋದನೆ. ಹಾಗಾದರೆ ಇಲ್ಲಿ ನಾವು ಅನುಮೋದಿಸುತ್ತಿರುವುದು ಏನನ್ನು? ಚಿತ್ರದಲ್ಲಿ ಎರಡು ಸಂಗತಿಗಳಿವೆ. ಧೈರ್ಯ ಕೆಲಸಗಾರರದು, ಹಗ್ಗ ಕೊಡದ ನಿರ್ಲಕ್ಷ್ಯ ಕೆಲಸ ಮಾಡಿಸಿದವರದು. ಛಾಯಾಚಿತ್ರವು ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಬೆಸೆದಿದೆ. ಅವುಗಳನ್ನು ಬಿಡಿಸಿ ನೋಡದೆ ಮೆಚ್ಚಿದವನು ಮೊದಲನೆಯದನ್ನು ಹೊಗಳುತ್ತ ಎರಡನೆಯದಕ್ಕೂ ಸಮ್ಮತಿ ಕೊಟ್ಟಂತಾಗುತ್ತದೆ.

ಈ ಮಾತಿಗೆ 2023ರ ಡಿಸೆಂಬರಿನಲ್ಲಿ ಒಂದು ವಿಚಿತ್ರವಾದ ನಿದರ್ಶನ ದೊರೆಯಿತು. ರಾಕ್‌ಫೆಲರ್ ಸೆಂಟರಿನ ಅದೇ ಕಟ್ಟಡದ ಮೇಲೆ ಪ್ರವಾಸಿಗರಿಗಾಗಿ ತೊಲೆಯೊಂದನ್ನು ಸ್ಥಾಪಿಸಲಾಯಿತು. ಹಣ ತೆತ್ತವರು ಅದರ ಮೇಲೆ ಸಾಲಾಗಿ ಕುಳಿತರೆ ಅದು ಹನ್ನೆರಡು ಅಡಿ ಮೇಲಕ್ಕೆ ಏರಿ ತಿರುಗುತ್ತದೆ. 1932ರವರಂತೆಯೇ ಚಿತ್ರ ತೆಗೆಸಿಕೊಳ್ಳಬಹುದು. ಆದರೆ ಕುಳಿತ ಪ್ರತಿಯೊಬ್ಬರಿಗೂ ಸೊಂಟಪಟ್ಟಿ ಬಿಗಿಯುತ್ತಾರೆ. ಕೂಲಿಗೆ ಬಂದವನಿಗೆ 850 ಅಡಿಯಲ್ಲಿ ದೊರೆಯದ ಪಟ್ಟಿ ವಿನೋದಕ್ಕೆ ಬಂದವನಿಗೆ ಹನ್ನೆರಡು ಅಡಿಯಲ್ಲಿ ದೊರೆತಿದೆ. ಹಳೆಯ ಚಿತ್ರದ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ಬರೆಯುವುದು ಕಷ್ಟ.

ಹೊರನಾಡಿನವರನ್ನು ಮಾತ್ರ ಆಡಿದರೆ ನ್ಯಾಯವಾಗದು. ಬೆಂಗಳೂರಿನ ವಿಧಾನಸೌಧದ ಚಿತ್ರ ಎಷ್ಟು ಕ್ಯಾಲೆಂಡರುಗಳಲ್ಲಿ ಬಂದಿಲ್ಲ! 1951ರಲ್ಲಿ ಶಂಕುಸ್ಥಾಪನೆಯಾಗಿ 1956ರಲ್ಲಿ ಮುಗಿದ ಆ ಕಟ್ಟಡವೆಂದರೆ ಕೆಂಗಲ್ ಹನುಮಂತಯ್ಯನವರ ಹೆಸರು ನೆನಪಾಗುತ್ತದೆ. ತಿಳಿದವರಿಗೆ ಶಿಲ್ಪಿ ಬಿ. ಆರ್. ಮಾಣಿಕ್ಯಂ ಅವರ ಹೆಸರೂ. ಅಲ್ಲಿ ದುಡಿದವರಲ್ಲಿ ಸುಮಾರು ಐದು ಸಾವಿರ ಕೈದಿಗಳಿದ್ದರೆಂದೂ ಕೆಲಸ ಮುಗಿದ ಮೇಲೆ ಅವರಿಗೆ ಬಿಡುಗಡೆ ದೊರೆಯಿತೆಂದೂ ಹೇಳುತ್ತಾರೆ. ಸರ್ಕಾರದ ಕೆಲಸ ದೇವರ ಕೆಲಸವೆಂದು ಹಣೆಯ ಮೇಲೆ ಬರೆಸಿಕೊಂಡ ಕಟ್ಟಡಕ್ಕೆ ಕಲ್ಲು ಹೊತ್ತ ಆ ಕೈಗಳ ಚಿತ್ರವನ್ನು ನಮ್ಮಲ್ಲಿ ಯಾರ ಮನೆಯ ಗೋಡೆಯ ಮೇಲೆ ಕಂಡೇವು?

ಹೆಸರಿಲ್ಲದ ಮುಖವನ್ನು ಪೂಜಿಸುವುದು ಕನ್ನಡ ನಾಡಿನ ಪದ್ಧತಿಯಾಗಿರಲಿಲ್ಲ. ವೀರಗಲ್ಲಿನಲ್ಲಿ ಸತ್ತವನ ರೂಪದೊಡನೆ, ಶಾಸನವಿದ್ದಲ್ಲಿ, ಅವನ ಹೆಸರೂ ಅವನು ಯಾವುದಕ್ಕಾಗಿ ಸತ್ತನೆಂಬುದೂ ಇರುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯ ನಿಷಿಧಿ ಶಾಸನಗಳು ದೇಹ ತ್ಯಜಿಸಿದವರ ಹೆಸರು, ಗುರುಪರಂಪರೆಗಳನ್ನು ಕಾಪಾಡಿಕೊಂಡು ಬಂದಿವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ನಮ್ಮ ಕಾಲದಲ್ಲಿಯೇ ಧರ್ಮಸ್ಥಳದ 39 ಅಡಿಯ ಬಾಹುಬಲಿ ಮೂರ್ತಿಯನ್ನು ಕೆತ್ತಿದ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ಹೆಸರನ್ನು ಜನ ಗೌರವದಿಂದ ನೆನೆಯುತ್ತಾರೆ. ಹಾಗೆಂದು ನಮ್ಮ ಪರಂಪರೆಯಲ್ಲಿ ಮರೆವು ಇಲ್ಲವೆಂದಲ್ಲ. ವಿಂಧ್ಯಗಿರಿಯ ಗೊಮ್ಮಟನ ಪಾದದ ಬಳಿಯ ಕನ್ನಡ ಶಾಸನ ಚಾವುಂಡರಾಯನು ಮೂರ್ತಿಯನ್ನು ‘ಮಾಡಿಸಿದಂ’ ಎನ್ನುತ್ತದೆ. ಮಾಡಿದವರು ಯಾರೆಂಬುದನ್ನು ಅಲ್ಲಿ ಹೇಳಿಲ್ಲ. ಸಾವಿರ ವರ್ಷಗಳಿಂದ ನಮ್ಮ ದಾನಶಾಸನಗಳೆಲ್ಲ ಬಹುಮಟ್ಟಿಗೆ ಈ ಒಂದು ಕ್ರಿಯಾಪದದ ಮೇಲೆ ನಿಂತಿವೆ.

ನಮ್ಮ ಮನೆಗಳಲ್ಲಿರುವ ಮಹಾಮಸ್ತಕಾಭಿಷೇಕದ ಚಿತ್ರವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡಬೇಕು. 2018ರ ಫೆಬ್ರವರಿಯ ಅಭಿಷೇಕದ ಚಿತ್ರವಾಗಲಿ, ಅದಕ್ಕೂ ಹಿಂದಿನದಾಗಲಿ, 58 ಅಡಿಯ ಮೂರ್ತಿಯ ಮೇಲೆ ಕ್ಷೀರ, ಅರಿಶಿನಗಳ ಧಾರೆ ಇಳಿಯುತ್ತಿದೆ. ಸ್ವಾಮಿಯ ಭುಜದ ಹಿಂದೆ ಅಟ್ಟಣಿಗೆ ಕಾಣುತ್ತದೆ. ಅದರ ಮೇಲೆ ಕಲಶ ಹಿಡಿದ ಶ್ರಾವಕರು. ಅವರು ಅಲ್ಲಿ ನಿರ್ಭಯವಾಗಿ ನಿಲ್ಲಲು ಸಾಧ್ಯವಾದದ್ದು ಅದಕ್ಕೂ ಮೊದಲು ಅಷ್ಟೆತ್ತರಕ್ಕೆ ಏರಿ ಕೊಳವೆಗೆ ಕೊಳವೆ ಬಿಗಿದವರಿಂದ. ಕಲಶ ಹಿಡಿದವರ ಹೆಸರು ಕುಟುಂಬಗಳಲ್ಲಿ ಉಳಿಯುತ್ತದೆ. ಅಟ್ಟಣಿಗೆ ಕಟ್ಟಿದವರು ಚಿತ್ರ ತೆಗೆಯುವ ಹೊತ್ತಿಗೆ ಕೆಳಗಿಳಿದು ಹೋಗಿರುತ್ತಾರೆ. ಅದೇ ಬೆಟ್ಟದ ಮೇಲೆ ಗುಳ್ಳಕಾಯಜ್ಜಿಯ ಶಿಲ್ಪವೂ ಇದೆ. ದೊಡ್ಡವರ ಕೊಡಗಳಿಂದ ಆಗದ ಅಭಿಷೇಕ ಅವಳ ಪುಟ್ಟ ಕಾಯಿಯ ಹಾಲಿನಿಂದ ಪೂರ್ಣವಾಯಿತೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಆ ಮುದುಕಿಗೂ ನಮ್ಮಲ್ಲಿ ಉಳಿದಿರುವುದು ಅವಳು ಕೈಯಲ್ಲಿ ಹಿಡಿದ ಕಾಯಿಯ ಹೆಸರೇ.

ಹಾಗಾದರೆ ತೊಲೆಯ ಮೇಲಿನ ಶ್ರಮಿಕರ ಚಿತ್ರವನ್ನು ಮನೆಯಿಂದ ಹೊರಗೆ ಹಾಕಬೇಕೆ? ಹಾಗೆ ಹೇಳುವುದು ಅತಿರೇಕವಾದೀತು. ದುಡಿಯುವವನ ಮುಖ ನಮ್ಮ ಪಡಸಾಲೆಯಲ್ಲಿರುವುದು ಒಳ್ಳೆಯದೇ. ಸಿರಿವಂತರ, ತಾರೆಯರ ಚಿತ್ರಗಳಿಗಿಂತ ಅದು ಎಷ್ಟೋ ಮೇಲು. ಹಾಕಿದರೆ ಅದರ ಕೆಳಗೆ ನಾಲ್ಕು ಸಾಲು ಬರೆದು ಹಾಕಬೇಕು: ಯಾವ ವರ್ಷ, ಯಾವ ಊರು, ಎಷ್ಟು ಎತ್ತರ, ತಿಳಿದ ಎರಡು ಹೆಸರು, ಮತ್ತು ಇವರಿಗೆ ಹಗ್ಗವಿರಲಿಲ್ಲವೆಂಬ ಮಾತು. ಆಗ ಮನೆಯ ಮಗು ‘ಏಕೆ ಇರಲಿಲ್ಲ?’ ಎಂದು ಕೇಳುತ್ತದೆ. ಆ ಪ್ರಶ್ನೆ ಹುಟ್ಟಿದ ಕ್ಷಣಕ್ಕೆ ಚಿತ್ರವು ಅಲಂಕಾರದ ಸ್ಥಾನದಿಂದ ವಿವೇಕದ ಸ್ಥಾನಕ್ಕೆ ಏರುತ್ತದೆ.

ಇದಕ್ಕಿಂತ ಹೆಚ್ಚಿನ ಕರ್ತವ್ಯ ಕಟ್ಟಿಸುವವರದು. ಕಟ್ಟಡ ಕಾರ್ಮಿಕರ ಸುರಕ್ಷತೆ ಮತ್ತು ಕಲ್ಯಾಣಕ್ಕಾಗಿ ಸಂಸತ್ತು 1996ರಲ್ಲಿಯೇ ಕಾಯ್ದೆ ಮಾಡಿತು; ಕಟ್ಟಡದ ವೆಚ್ಚದಲ್ಲಿ ಶೇಕಡ ಒಂದರಷ್ಟು ಸುಂಕವನ್ನು ಅವರ ಕಲ್ಯಾಣ ನಿಧಿಗೆಂದು ವಿಧಿಸಲಾಯಿತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕಾನೂನಿನ ಹೆಸರು ಏನೇ ಇರಲಿ, ಬೆಲ್ಟು, ಶಿರಸ್ತ್ರಾಣ, ಬಲೆಗಳ ಖರ್ಚು ಒಂದು ಗೃಹಪ್ರವೇಶದ ಊಟದ ಖರ್ಚಿಗಿಂತ ಹೆಚ್ಚಾಗದು. ಬಸದಿಯ ಜೀರ್ಣೋದ್ಧಾರ, ಯಾತ್ರಿನಿವಾಸ, ಕಲ್ಯಾಣಮಂಟಪಗಳನ್ನು ಕೈಗೊಳ್ಳುವ ಟ್ರಸ್ಟುಗಳು ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣಗಳ ಜೊತೆಗೆ ಇದಕ್ಕೂ ಒಂದು ಬಾಬನ್ನು ಇಡಲಿ. ಜೀವದಯೆಯನ್ನು ಇರುವೆಯ ತನಕ ವಿಸ್ತರಿಸಿದವರು ಶಿಖರದ ಕಳಸ ಕೂರಿಸಲು ಏರಿದವನನ್ನು ಆ ದಯೆಯ ಹೊರಗೆ ನಿಲ್ಲಿಸಬಾರದು.

ಹೊಸ ಮನೆಯ ಪ್ರವೇಶದ ದಿನ ಮೇಸ್ತ್ರಿಗೂ ಬಡಗಿಗೂ ಪಂಚೆ, ಶಲ್ಯ, ಎಲೆ-ಅಡಿಕೆ ಕೊಟ್ಟು ನಮಸ್ಕರಿಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಅಂದು ಅವರೆಲ್ಲರನ್ನೂ ಬಾಗಿಲ ಮುಂದೆ ನಿಲ್ಲಿಸಿ ಒಂದು ಚಿತ್ರ ತೆಗೆಸಬಹುದು. ಬಾಂಡ್ಲಿ ಹೊತ್ತ ಹೆಂಗಸರನ್ನು ಬಿಡದೆ ಎಲ್ಲರ ಹೆಸರನ್ನೂ ಕೆಳಗೆ ಬರೆಸಬಹುದು. ಕೊಡಿಗೇನಹಳ್ಳಿಯ ಮನೆಗೆ ನ್ಯೂಯಾರ್ಕಿನ ತೊಲೆಗಿಂತ ಆ ಚಿತ್ರ ಹೆಚ್ಚು ಒಪ್ಪುತ್ತದೆ. ಏಕೆಂದರೆ ಅದನ್ನು ಹೊತ್ತ ಗೋಡೆಯನ್ನು ಕಟ್ಟಿದವರು ಅವರೇ. ದಾನಿಗಳ ಹೆಸರು ಕೆತ್ತುವ ಅಮೃತಶಿಲೆಯ ಫಲಕದಲ್ಲಿಯೂ, ಮಾಡಿಸಿದವರ ಸಾಲುಗಳು ಮುಗಿದ ಮೇಲೆ, ಮಾಡಿದವರಿಗಾಗಿ ಒಂದು ಸಾಲನ್ನು ಬಿಡುವುದು ಟ್ರಸ್ಟುಗಳಿಗೆ ಭಾರವಾಗಲಾರದು.